ಬೆಳ್ಳಿಯ ಎದೆಯ ಸಪ್ಪಳ, ನನ್ನ ಎದೆಯ ಸಪ್ಪಳ

ನಮ್ಮ ಬೆಳ್ಳಿ ಅಂಗಳದಿಂದ ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಕುಸಿದು ಬಿತ್ತು. ಕಣ್ಣು ತೆರೆದೇ ಇತ್ತು. ಕರೆದರೆ ಕಿವಿ ಕೂಡ ಅಲುಗಲಿಲ್ಲ...

ತೊಂಬತ್ತರ ದಶಕದ ಕೊನೆ. ನಾನು ಕೊಟ್ಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಅಪ್ಪನದು ಮಂಡಕ್ಕಿ ಭಟ್ಟಿ.

ಬೆಳ್ಳಿ ನಮ್ಮ ಮನೆಯ ಮುದಿ ಪೊಮೆರೇನಿಯನ್. ಬಹಳ ದಿನದಿಂದ ಕೆಮ್ಮುತ್ತಿತ್ತು. ಭಟ್ಟಿ ಹೊಗೆಗೆ ಇರಬೇಕು ಅಂದುಕೊಂಡಿದ್ದೆವು.

ಸ್ವಲ್ಪ ಹೊತ್ತಿಗೆ ತಾನೇ ಎದ್ದು ನಿಂತಿತು. ಆದರೂ ಅಪ್ಪನ ಸ್ಕೂಟರ್ ಹಿಂದೆ ಅದನ್ನು ತೊಡೆ ಮೇಲೆ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೋದೆ.

ಡಾಕ್ಟರ್ ಊರಿಗೆ ಹೊಸಬರು. ಬೆಳ್ಳಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಇದು ಹೊಗಿ ಕೆಮ್ಮಲ್ರಿ ಯಜಮಾನ್ರ. ಎದಿಯಾಗ ಸಪ್ಪಳ ಐತಿ. ವಾಲ್ವ್ ಸರಿಯಾಗಿ ಮುಚ್ಚವಲ್ದು, ರಕ್ತ ಹಿಂದಕ ಸೋರಾಕತ್ತೈತಿ. ವಯಸ್ಸಾದ ಸಣ್ಣ ನಾಯಿಗಳಿಗೆ ಹಿಂಗ ಆಕ್ಕತಿ."

ನಾಯಿಗೂ ಹೃದಯದ ಕಾಯಿಲೆಯಾ! ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಅವರು ನಕ್ಕು ಸ್ಟೆತಸ್ಕೋಪನ್ನು ನನ್ನ ಕಿವಿಗೇ ಹಾಕಿದರು.

ಲಬ್-ಡಬ್ ಕೇಳಲೇ ಇಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವ ಹಾಗೆ ಬುಸ್... ಬುಸ್... ಅಂತಿತ್ತು.

"ಈಗ ನಿನ್ನ ಎದಿ ಮ್ಯಾಲೆ ಇಟ್ಕಂಡು ಕೇಳವ್ವ. ಚೊಲೊ ಎದಿ ಸಪ್ಪಳ ಹೆಂಗಿರತೈತಿ ತಿಳೀತೈತಿ."

ಇಟ್ಟುಕೊಂಡೆ. ಕೇಳಿದೆ. ಸ್ವಲ್ಪ ಸರಿಸಿ ಮತ್ತೆ ಕೇಳಿದೆ.

"ಸರ್... ಎರಡೂ ಒಂದೇ ಥರ ಕೇಳ್ತಾವಲ್ರಿ."

ಅವರ ನಗು ಅಲ್ಲಿಗೇ ನಿಂತಿತು. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಾ ಎಂದು ಕೇಳಿದರು. ಬರುತ್ತಿತ್ತು. ಸಣ್ಣವಳಿದ್ದಾಗ ಜ್ವರ ಬಂದು ಮೊಣಕಾಲು ಊದಿದ್ದುಂಟಾ? ಅದೂ ಉಂಟು. ದಮ್ಮು ಬರುವುದು ರಕ್ತ ಕಡಿಮೆಯಾಗಿ ಎಂದು ಅವ್ವ ನನಗೆ ಶೇಂಗಾ-ಬೆಲ್ಲ ತಿನ್ನಿಸುತ್ತಲೇ ಇದ್ದಳು.

"ನಾನು ಮನುಷ್ಯರನ್ನ ನೋಡೋನಲ್ರಿ," ಅಪ್ಪನಿಗೆ ಹೇಳಿದರು. "ಆದ್ರ ಈ ಹುಡುಗೀನ ದಾವಣಗೆರಿಗೆ ಕರ್ಕಂಡು ಹೋಗ್ರಿ. ತಡ ಮಾಡಬ್ಯಾಡ್ರಿ."

ಮನೆಯಲ್ಲಿ ಅವ್ವ ಒಪ್ಪಲಿಲ್ಲ. "ದನದ ಡಾಕ್ಟರ ಮಾತು ಕೇಳಿ ಮಗಳಿಗೆ ಎದಿ ರೋಗ ಅಂತ ಊರ ತುಂಬ ಹೇಳ್ಕಂಡು ಬರ್ತೀರೇನು? ನಾಳೆ ಆಕೀನ ಯಾರು ಮಾಡ್ಕಂತಾರ?"

ನಾನು ಅಳುತ್ತಾ ಕೂತಿದ್ದೆ. ರೋಗಕ್ಕಿಂತ ಆ ಮಾತಿಗೇ ಹೆಚ್ಚು ಹೆದರಿದ್ದೆ.

ಎರಡು ದಿನ ಬಿಟ್ಟು ಬೆಳ್ಳಿಗೆ ಮಾತ್ರೆ ಕೊಡುವ ನೆಪದಲ್ಲಿ ಡಾಕ್ಟರೇ ಮನೆಗೆ ಬಂದರು. ಅವ್ವನ ಎದುರು ಕಟ್ಟೆ ಮೇಲೆ ಕೂತು ಸ್ಟೆತಸ್ಕೋಪ್ ತೆಗೆದು ಅವಳ ಕಿವಿಗೆ ಕೊಟ್ಟರು. "ನೀವ ಕೇಳ್ರಿ ಯಕ್ಕಾ."

ಅವ್ವ ಮೊದಲು ತನ್ನ ಎದೆ ಸಪ್ಪಳ ಕೇಳಿದಳು, ಆಮೇಲೆ ನನ್ನದು. ಎದ್ದು ಒಳಗೆ ಹೋಗಿ ಬ್ಯಾಗಿಗೆ ನನ್ನ ಬಟ್ಟೆ ತುಂಬತೊಡಗಿದಳು.

ದಾವಣಗೆರೆಯಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಬಾಲ್ಯದ ಆ ಜ್ವರವೇ ವಾಲ್ವ್ ಕೆಡಿಸಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ, ಅದರಲ್ಲೂ ಮದುವೆಯಾಗಿ ಬಸಿರಾಗಿದ್ದರೆ, ಜೀವಕ್ಕೇ ಅಪಾಯವಿತ್ತು ಅಂದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು.

ವಾಪಸ್ ಬಂದ ಮೇಲೆ ನನಗೂ ಬೆಳ್ಳಿಗೂ ಅವ್ವ ಒಂದೇ ಪಾತ್ರೆಯಲ್ಲಿ ಸಪ್ಪೆ ಅನ್ನ ಮಾಡುತ್ತಿದ್ದಳು. ಉಪ್ಪಿಲ್ಲದ ಊಟಕ್ಕೆ ನಾನು ಮುಖ ಮುರಿಯುತ್ತಿದ್ದೆ, ಬೆಳ್ಳಿ ತಟ್ಟೆ ನೆಕ್ಕುತ್ತಿತ್ತು...

ನನ್ನನ್ನು ನೋಡಲು ಹರಪನಹಳ್ಳಿಯವರು ಬಂದಾಗ ಅವ್ವ ಚಹಾ ಇಡುವ ಮೊದಲೇ ಹೇಳಿಬಿಟ್ಟಳು: "ನಮ್ಮ ಹುಡುಗಿಗೆ ಎದಿ ಆಪರೇಷನ್ ಆಗೈತ್ರಿ. ಆಮ್ಯಾಲೆ ಗೊತ್ತಾಗೋದು ಬ್ಯಾಡ."

ಹುಡುಗ ಕೇಳಿದ್ದು ಒಂದೇ ಮಾತು. "ಈಗ ಆರಾಮ ಅದಾರಲ್ರಿ?"

ಈಗ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಕೂತಿರುವುದು ಅವರೇ. ನಮ್ಮ ಮಗಳು ಕಾಲೇಜಿಗೆ ಹೋಗಿದ್ದಾಳೆ.

ಬೆಳ್ಳಿ ನನ್ನ ಮದುವೆಯನ್ನೂ ನೋಡಿತು. ಮಾತ್ರೆ ತಿನ್ನುತ್ತಾ, ಬಾಲ ಅಲ್ಲಾಡಿಸುತ್ತಾ ಇದ್ದು, ಒಂದು ಬೆಳಗ್ಗೆ ಬಿಸಿಲಲ್ಲಿ ಮಲಗಿದ್ದಲ್ಲೇ ಹೋಯಿತು. ಡಾಕ್ಟರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಎಲ್ಲಿದ್ದರೂ ಅವರು ತಣ್ಣಗಿರಲಿ.

ಡಾಕ್ಟರಿಗಾದರೆ ಕೈಮುಗಿಯಬಹುದು... ನಾಯಿಗೆ ಥ್ಯಾಂಕ್ಸ್ ಹೇಳುವುದು ಹೇಗೆ, ನಿಮಗೇನಾದರೂ ಗೊತ್ತಾ?