ಹಾಗಲಕಾಯಿ ರಸ ಮತ್ತು ಪಂಕ್ತಿಭೇದ

ಮಹನೀಯರೇ, ಇವತ್ತು ಬೆಳಿಗ್ಗೆ ಅಜ್ಜಂಪುರದಲ್ಲಿ ವಿಜ್ಞಾನಕ್ಕೆ ಅಡ್ಡಿಯಾಯಿತು. ಅಡ್ಡಿ ಮಾಡಿದವರಲ್ಲಿ ನಾನೂ ಒಬ್ಬ.

ಹಾಗಲಕಾಯಿ ರಸಕ್ಕೆ ಸಕ್ಕರೆ ಕಾಯಿಲೆ ಇಳಿಯುತ್ತದೆಯೇ ಎಂದು, ತಮ್ಮ ಅವ್ವನಿಗೆ ಕುಡಿಸುವ ಮುನ್ನ ತಿಳಿಯಲು, ಸೈನ್ಸ್ ಮೇಷ್ಟ್ರು ಆರು ರೋಗಿಗಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿದ್ದರು. ನಾನೂ ಸೇರಿ ಮೂವರಿಗೆ ರಸ, ಹೋಲಿಸಿ ನೋಡಲು ಮೂವರಿಗೆ ಬರೀ ನೀರು. ತಿಂಗಳಾದ ಮೇಲೆ ಎಲ್ಲರ ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಕಾಯಿಸಿ, ಬಣ್ಣ ನೋಡಿ ತೀರ್ಪು.

ನನ್ನ ಪಕ್ಕ ಕೂತಿದ್ದ, ನೀರು ಸಿಕ್ಕ ರುದ್ರಪ್ಪ ಎದ್ದು ನಿಂತ. "ಏನ್ ಮೇಷ್ಟ್ರೇ, ಒಂದೇ ಸಾಲಲ್ಲಿ ಕೂರ್ಸಿ ಪಂಕ್ತಿಭೇದ ಮಾಡ್ತೀರಾ?"

"ಅದು ಕಹಿ ಕಣಯ್ಯಾ!"

"ವಿಷಾನಾದ್ರೂ ಸಮವಾಗಿ ಬಡ್ಸಿ!"

ರಸ ಸಿಕ್ಕವರೆಲ್ಲ ನಾಚಿ, ಪಕ್ಕದವರ ಲೋಟಕ್ಕೆ ಅರ್ಧರ್ಧ ಸುರಿದರು. ನಾನು ಉದಾರವಾಗಿ ಮುಕ್ಕಾಲು ಸುರಿದೆ.

ಮೇಷ್ಟ್ರು ಬಗ್ಗಲಿಲ್ಲ. "ನಾಳೆಯಿಂದ ಮತ್ತೆ ಮೊದಲಿಂದ! ಒಬ್ಬೊಬ್ರ ಮನೆಗೂ ನಾನೇ ಬಂದು, ಎದುರಿಗೆ ನಿಂತು ಕುಡಿಸ್ತೀನಿ."

ನನಗೀಗ ಒಂದೇ ಚಿಂತೆ. ಮನೆಯಲ್ಲಿ ನನ್ನ ಪಕ್ಕ ಕೂರಲು ರುದ್ರಪ್ಪನಿಲ್ಲ.