ನಾಲ್ಕು ಕಾಲಿಗೆ ಒಂದು ಕೌದಿ

ಮರ ಕಡಿಯುವ ಗುತ್ತಿಗೆದಾರನಿಗೆ ಮರಕ್ಕಿಂತ ನೆಲದ ಚಿಂತೆ ಹೆಚ್ಚು ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಮನೆ ಜಮಖಂಡಿಯಲ್ಲಿ. ಅಲ್ಲಿಂದ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರೆಗೆ ಎಲ್ಲಿ ಮರ ವಾಲಿದರೂ ನನಗೆ ಫೋನು ಬರುತ್ತದೆ. ಮರ ಕೆಡವುವುದು ದೊಡ್ಡ ಮಾತಲ್ಲ. ಅದನ್ನು ಎತ್ತಿ ಇಳಿಸುವ ಕ್ರೇನು ತನ್ನ ನಾಲ್ಕು ಕಬ್ಬಿಣದ ಕಾಲುಗಳನ್ನು ಎಲ್ಲಿ ಊರಬೇಕು, ಆ ಕಾಲಿನ ಕೆಳಗೆ ಏನು ಹಾಸಬೇಕು ಎನ್ನುವುದರಲ್ಲೇ ನನ್ನ ಅರ್ಧ ತಲೆಗೂದಲು ಹೋಗಿದೆ. ಮೊದಲು ಮರದ ಹಲಗೆ ಹಾಸುತ್ತಿದ್ದೆ, ಸೀಳಿದವು. ಆಮೇಲೆ ಸಕ್ಕರೆ ಕಾರ್ಖಾನೆಯ ಗುಜರಿಯಿಂದ ದಪ್ಪ ರಬ್ಬರ್ ಬೆಲ್ಟು ತಂದೆ. ಅಂಗಳದ ಪರಸಿ ಕಲ್ಲಿಗೆ ಗೀರು ಬೀಳುವುದಿಲ್ಲ ಎಂದು ಗಿರಾಕಿಗಳಿಗೆ ಅದು ಬಲು ಇಷ್ಟವಾಯಿತು. ಆದರೆ ರಬ್ಬರು ಕ್ರೇನಿನ ಕಾಲು ಒತ್ತಿದಲ್ಲೇ ಬಗ್ಗುತ್ತದೆ, ಭಾರ ಹರಡುವುದಿಲ್ಲ. ಮುಧೋಳದ ಒಂದು ಅಂಗಳದಲ್ಲಿ ಬೆಲ್ಟಿಗೆ ಏನೂ ಆಗಲಿಲ್ಲ, ಅದರ ಕೆಳಗಿನ ಚರಂಡಿಯ ಕಲ್ಲು ಮಾತ್ರ ಎರಡು ಹೋಳಾಯಿತು. ಈಗ ಬಗ್ಗದಂಥ ದಪ್ಪ ಪ್ಲಾಸ್ಟಿಕ್ ಮ್ಯಾಟುಗಳನ್ನು ಇಟ್ಟುಕೊಂಡಿದ್ದೇನೆ.

ಇವನ್ನು ಕಂಡ ಕೂಡಲೇ ಜನ, "ಇನ್ನ ನಮ್ಮ ನೆಲಕ್ಕ ವಜ್ಜಿ ಬೀಳಾಂಗಿಲ್ಲ ಬಿಡ್ರಿ" ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂದು ಗಾದೆ ಹೇಳುವ ಜನವೇ ಕ್ರೇನಿನ ಭಾರವನ್ನು ಮ್ಯಾಟಿನ ತಲೆಗೆ ಕಟ್ಟುತ್ತದೆ. ಮ್ಯಾಟು ಭಾರವನ್ನು ಹಂಚುತ್ತದೆ, ನುಂಗುವುದಿಲ್ಲ. ಹೋದಲ್ಲೆಲ್ಲ ಇದನ್ನು ಜಗಳವಾಡಿಕೊಂಡು ಹೇಳುತ್ತೇನೆ. ಒಂದು ಮನೆಯಲ್ಲಿ ಮಾತ್ರ ಹೇಳಲಾಗಲಿಲ್ಲ.

ಅದು ರಬಕವಿಯ ಒಂದು ನೇಕಾರರ ಮನೆ. ಹಿತ್ತಲಿನ ದೊಡ್ಡ ಬೇವಿನ ಮರ ಒಳಗೊಳಗೇ ಟೊಳ್ಳಾಗಿ ಪವರ್‌ಲೂಮಿನ ಶೆಡ್ಡಿನ ಮೇಲೆ ವಾಲಿತ್ತು. ಟೊಳ್ಳು ಮರ ಹತ್ತಲು ನನ್ನ ಆಳುಗಳು ಯಾರೂ ಒಪ್ಪಲಿಲ್ಲ. ಓಣಿಯಲ್ಲಿ ಕರೆಂಟಿನ ತಂತಿ. ಹಿತ್ತಲ ಗೋಡೆ ಒಡೆದು ಕ್ರೇನನ್ನು ಒಳಗೆ ತಂದು, ಮರಕ್ಕೂ ಮನೆಗೂ ನಡುವೆ ನಿಲ್ಲಿಸುವುದೊಂದೇ ದಾರಿ. ಮಳೆಗಾಳಿ ಇಂದೋ ನಾಳೆಯೋ ಎನ್ನುವಂತಿತ್ತು. ಮನೆಯ ಮಗ ಮಗ್ಗಗಳನ್ನೆಲ್ಲ ನಿಲ್ಲಿಸಿ, ಲೈನ್‌ಮನ್ ಜೊತೆ ಓಣಿಯಲ್ಲಿ ನಿಂತಿದ್ದ. ಅವನ ತಾಯಿ ಹಿತ್ತಲ ಬಾಗಿಲಲ್ಲಿ ಕೂತಿದ್ದರು.

ನಾನು ಹಾರೆಕೋಲು ಎತ್ತಿಕೊಂಡೆ. ನೆಲ ಗಟ್ಟಿಯೋ ಮೆತ್ತಗೋ ತಿಳಿಯಲು ನನಗೆ ಗೊತ್ತಿರುವುದು ಅದೊಂದೇ ಪರೀಕ್ಷೆ. ಚುಚ್ಚಿ ನೋಡಿಯೇ ಎಲ್ಲಿಗೆ ಯಾವ ಮ್ಯಾಟು, ಎಷ್ಟು ಎಂದು ಆರಿಸುತ್ತೇನೆ.

"ಚುಚ್ಚಬ್ಯಾಡಪಾ!" ಎಂದು ಆ ತಾಯಿ ಓಡಿಬಂದರು. ಓಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ತಮ್ಮಾ, ಇಲ್ಲೆ ನನ್ನ ಕೂಸ ಐತಿ."

ನನಗೆ ತಿಳಿಯಲಿಲ್ಲ.

"ನನ್ನ ಚೊಚ್ಚಲ ಕೂಸು. ಹೆಣ್ಣು. ಇಪ್ಪತ್ತ ದಿನದ್ದಿತ್ತು. ಮಗಗ ಗೊತ್ತಿಲ್ಲ, ಹೇಳಬ್ಯಾಡ."

ಹಲ್ಲು ಮೂಡದ ಕೂಸು ಹೋದರೆ ಹಿತ್ತಲಲ್ಲೇ ಮಣ್ಣು ಮಾಡುವ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿ ಇತ್ತು. ಅದು ನನಗೆ ಗೊತ್ತು. ಅಂಥ ಹಿತ್ತಲಲ್ಲಿ ಕ್ರೇನು ನಿಲ್ಲಿಸುವ ಪ್ರಸಂಗ ಬರುತ್ತದೆಂದು ಗೊತ್ತಿರಲಿಲ್ಲ.

ಅವರು ಮ್ಯಾಟುಗಳ ಕಡೆ ಕೈ ತೋರಿಸಿದರು. "ನಿನ್ನ ಈ ಹಾಸಿಗಿ ಹಾಸಿದ್ರ ಅಕಿ ಮ್ಯಾಲ ವಜ್ಜಿ ಬೀಳಾಂಗಿಲ್ಲ, ಹೌದಲ್ಲ?"

ನನ್ನ ಮಾಮೂಲು ಪಾಠ ಅಲ್ಲೇ ಬಿಟ್ಟೆ. "ಎಲ್ಲಿ ಅಂತ ತೋರಸ್ರಿ ಯವ್ವಾ. ಆ ಜಾಗಾ ಬಿಟ್ಟು ಕಾಲ ಊರಸ್ತೀನಿ" ಎಂದೆ. ಒಂದೆರಡು ಮೊಳ ಆಚೀಚೆ ಮಾಡುವುದಾದರೂ ನನ್ನ ಕೈಯಲ್ಲಿತ್ತು.

"ಗೊತ್ತಿದ್ರ ತೋರಸ್ತಿದ್ದಿಲ್ಲೇನು? ನಾ ಬಾಣಂತಿ, ಖೋಲಿಯೊಳಗ ಮಲಗಿದ್ನಿ. ಹೊರಗ ಬಿಡಲಿಲ್ಲ. ಗುದ್ದಲಿ ಸಪ್ಪಳ ಅಷ್ಟ ಕೇಳೇನಿ. ಆಮ್ಯಾಲ ನಮ್ಮತ್ತೀನ ಕೇಳಿದ್ರ, ಮರದ ನೆಳ್ಳಾಗ ಐತಿ, ಅದೆಲ್ಲಾ ಕೇಳಬಾರದು ಅಂದ್ಲು. ಸಾಯೂತನಕಾ ಹೇಳಲಿಲ್ಲ."

ನಾನು ನೆರಳನ್ನು ನೋಡಿದೆ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ, ಹಿತ್ತಲು ತುಂಬ ಅದೇ ಮರದ ನೆರಳು.

"ಕೆಲಸ ಬಿಟ್ಟ ಹೋಗಲೇನ್ರಿ ಯವ್ವಾ?"

"ಮರ ಬಿದ್ರ ಶೆಡ್ಡಿನ್ಯಾಗ ಮಗ, ಮೊಮ್ಮಕ್ಕಳು ಇರತಾರ. ಹೆಂಗ ಬಿಡತಿ? ತಗಿ."

ಕ್ರೇನಿನ ಡ್ರೈವರು ಕೂಗಿದ, "ಸಾವಕಾರ್ರ, ಕಾಲ ಎಲ್ಲಿ ಊರಲಿ?" ಇಷ್ಟು ವರ್ಷ ಹಲಗೆ, ಬೆಲ್ಟು, ಪ್ಲಾಸ್ಟಿಕ್ಕು ಎಂದು ಆರಿಸಿ ಆರಿಸಿ ಕಲಿತದ್ದೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ. ತಂದಿದ್ದ ಎಂಟೂ ಮ್ಯಾಟು ಇಳಿಸಿದೆ, ಒಂದೊಂದು ಕಾಲಿಗೆ ಎರಡೆರಡು. ಅದಕ್ಕಿಂತ ಹೆಚ್ಚಿನದೇನೂ ನನ್ನಲ್ಲಿರಲಿಲ್ಲ.

ಅಷ್ಟರಲ್ಲಿ ಅವರು ಒಳಗಿನಿಂದ ಒಂದು ಕೌದಿ ತಂದರು. ಕೂಸಿನ ಅಳತೆಯದು, ಸೀರೆಯಂಚಿನ ತುಂಡುಗಳನ್ನು ಕೂಡಿಸಿ ಹೊಲಿದದ್ದು, ಬಣ್ಣವೆಲ್ಲ ಹೋಗಿತ್ತು. "ಅಕಿ ಹುಟ್ಟೂಕಿಂತ ಮೊದಲ ಹೊಲದಿದ್ನಿ. ಇದನ್ನ ಬುಡಕ ಹಾಸು."

"ಯಾವ ಕಾಲಿಗೆ ಹಾಸಲಿ ಯವ್ವಾ?"

ಕೇಳಬಾರದಿತ್ತು. ಅವರು ಕ್ರೇನಿನ ನಾಲ್ಕೂ ಕಾಲು ನೋಡಿದರು. ಮತ್ತೆ ಒಳಗೆ ಹೋಗಿ ನೂಲು ಕತ್ತರಿಸುವ ಕತ್ತರಿ ತಂದು, ಕೌದಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಬಿಗಿಯಾಗಿ ಹಿಡಿದೆ, ಅವರು ಕತ್ತರಿಸಿದರು. ಪದರ ಪದರ ಹಳೆಯ ಬಟ್ಟೆ, ಕತ್ತರಿ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಕೌದಿ ನಾಲ್ಕು ತುಂಡಾಯಿತು.

ಒಂದೊಂದು ತುಂಡು ಹಾಸಿ, ಮೇಲೆ ಮ್ಯಾಟು ಇಟ್ಟೆ. "ಇದೇನ್ರಿ, ಪೂಜಾನ?" ಎಂದು ಡ್ರೈವರು ನಕ್ಕ. "ನಿನ್ನ ಕೆಲಸ ನೋಡಲೇ" ಎಂದು ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಮೊದಲ ದೊಡ್ಡ ಕೊಂಬೆ ಮೇಲೇರಿದಾಗ ಮೂರು ಕಾಲು ಕದಲಲಿಲ್ಲ. ಮನೆಯ ಕಡೆಯ ಕಾಲು ಮಾತ್ರ ನೋಡನೋಡುತ್ತ ನಾಲ್ಕು ಬೆರಳು ಕುಸಿಯಿತು. ಕೊಂಬೆ ಇಳಿಸಿ, ಶೆಡ್ಡಿನಲ್ಲಿದ್ದ ಹಲಗೆ ತಂದು ಆ ಕಾಲಿಗೆ ಕೊಟ್ಟು, ಮತ್ತೆ ಎತ್ತಿಸಿದೆ. ಒಮ್ಮೆ ಅಗೆದ ನೆಲ ಎಷ್ಟು ವರ್ಷ ಹೋದರೂ ಅಗೆಯದ ನೆಲದಷ್ಟು ಗಟ್ಟಿಯಾಗುವುದಿಲ್ಲ. ಕೂಸು ಅಲ್ಲೇ ಇದೆ ಎಂದುಕೊಂಡೆ. ಅವರು ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಬಯಲಾಯಿತು. ಮ್ಯಾಟು ಎತ್ತಿದಾಗ ಮೂರು ತುಂಡು ಧೂಳು ಕೊಡವಿದರೆ ಸಾಕು ಎನ್ನುವಂತೆ ಬಂದವು. ನಾಲ್ಕನೆಯದು ಹಸಿಮಣ್ಣಿನಲ್ಲಿ ಹೂತು ಎದ್ದೇ ಬರಲಿಲ್ಲ. ಸಲಿಕೆಯಿಂದ ಮಣ್ಣೆಳೆದು ಮುಚ್ಚಿ, ಮೂರನ್ನು ಅವರಿಗೆ ಕೊಟ್ಟೆ.

ಎಣಿಸಿದರು. "ನಾಕನೇದು?"

ಹರಿದುಹೋಯಿತು ಎನ್ನಲು ಬಾಯಿ ತಯಾರಾಗಿತ್ತು. ಕಣ್ಣು ಮೊದಲೇ ಆ ಜಾಗಕ್ಕೆ ಹೋಗಿಬಿಟ್ಟಿತು. ಅವರು ನನ್ನ ಕಣ್ಣಿನ ಹಿಂದೆಯೇ ನಡೆದರು. ಬಿಸಿಲಲ್ಲಿ ಕೂತು, ಸಲಿಕೆಯ ಗುರುತಿನ ಮೇಲೆ ಅಂಗೈ ಇಟ್ಟರು.

"ಇಲ್ಲೇ ನನ್ನ ಒಗೆಯೂ ಕಲ್ಲಿತ್ತು, ತಮ್ಮಾ. ಹ್ವಾದ ವರ್ಷ ಮಷಿನ್ ಬಂತಂತ ಮಗ ತಗಸಿದಾ. ನಲವತ್ತ ವರ್ಷ ದಿನಾ ಮುಂಜಾನೆ ಇಲ್ಲೇ ಕುಂತೇನಿ. ಅಕಿ ಮಗ್ಗಲದಾಗನ ಕುಂತೇನಿ ನೋಡು!" ಅಂದು ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ.

ಒಗೆಯುವ ಕಲ್ಲು. ನಲವತ್ತು ವರ್ಷ ದಿನವೂ ನೀರು ಕುಡಿದ ಕಪ್ಪು ಮಣ್ಣು, ಮೇಲೆ ಒಣಗಿದ್ದರೂ ಒಳಗೆ ಹಸಿ. ಅಲ್ಲಿ ಯಾರು ಅಗೆದಿದ್ದರೂ, ಅಗೆಯದಿದ್ದರೂ ಕ್ರೇನಿನ ಕಾಲು ಕುಸಿದೇ ಕುಸಿಯುತ್ತಿತ್ತು. ಕೂಸು ಉಳಿದ ಮೂರು ಕಾಲುಗಳಲ್ಲಿ ಯಾವುದರ ಕೆಳಗಾದರೂ ಇರಬಹುದು, ಎಲ್ಲೂ ಇಲ್ಲದಿರಬಹುದು.

ಮ್ಯಾಟುಗಳನ್ನು ಗಾಡಿಗೆ ಹೇರಿ ಹೊರಟಾಗ ಅವರು ಕೂತಲ್ಲಿಂದಲೇ ಕೂಗಿದರು, "ನಿನ್ನ ಹಾಸಿಗಿ ಛಲೋ ಅದಾವು, ತಮ್ಮಾ. ಅಕಿಗೆ ಏನೂ ವಜ್ಜಿ ಆಗಿಲ್ಲ."

"ಹೌದ್ರಿ ಯವ್ವಾ" ಎಂದೆ.