ಪಟಾಲಮ್ಮನ ಎಡಗೆನ್ನೆ

ಹೊಸಹಳ್ಳಿಯ ಪಟಾಲಮ್ಮ ಮಾತಾಡುವುದನ್ನು ಮೊದಲ ಸಲ ಕಂಡವರು ಇವಳಿಗೆ ಗಾಳಿ ಸೋಕಿದೆ ಎಂದುಕೊಳ್ಳುತ್ತಿದ್ದರು. ತುಟಿ ಅಗಲವಾಗಿ ಆಡುತ್ತಿತ್ತು, ಹುಬ್ಬು ಏರಿ ಇಳಿಯುತ್ತಿತ್ತು, ದನಿ ಮಾತ್ರ ಇಲ್ಲ. ಗಾಳಿಯೂ ಅಲ್ಲ, ಗ್ರಹವೂ ಅಲ್ಲ, ಅದು ಮಿಲ್ಲಿನ ಮಾತು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ತುಟಿಯಲ್ಲಿ ಹೇಳಿ ಕಣ್ಣಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಆ ಗದ್ದಲದಲ್ಲೇ ಮದುವೆ ಮಾತುಕತೆ ಮುಗಿಸಿದವರಿದ್ದರು, ಮೇಸ್ತ್ರಿಯ ವಂಶವನ್ನೆಲ್ಲ ಜಾಲಾಡಿದವರೂ ಇದ್ದರು. ಗಂಡ ನಾರಾಯಣಪ್ಪ ಮಗ್ಗದವನು, ಪಟಾಲಮ್ಮ ನೂಲು ಸುತ್ತುವವಳು. ಮನೆಗೆ ಬಂದ ಮೇಲೂ ಅವರ ಸಂಸಾರ ತುಟಿಯಲ್ಲೇ ನಡೆಯುತ್ತಿತ್ತು. ಅಕ್ಕಪಕ್ಕದ ಮನೆಗಳ ಕಥೆಯೂ ಅದೇ.

ಅಂಥ ಮನೆಯಲ್ಲಿ ಹುಟ್ಟಿದವಳು ರಾಮಮ್ಮ, ಎಲ್ಲರಿಗೂ ರಾಮಿ. ಮೂರು ವರ್ಷ ತುಂಬುವಷ್ಟರಲ್ಲಿ ಅಮ್ಮನ ತುಟಿ ನೋಡಿ ಚೊಂಬು ಎಂದರೆ ಚೊಂಬು, ಪೊರಕೆ ಎಂದರೆ ಪೊರಕೆ ತರುತ್ತಿದ್ದಳು. ತಾನೂ ದನಿಯಿಲ್ಲದೆ ತುಟಿ ಆಡಿಸಿ ಮುದ್ದೆ ಕೇಳುತ್ತಿದ್ದಳು. ಹುಟ್ಟುವಾಗಲೇ ಮಿಲ್ಲಿನ ಕೆಲಸ ಬರೆಸಿಕೊಂಡು ಬಂದವಳು ಎಂದು ಬೀದಿಯವರೆಲ್ಲ ನಕ್ಕರು, ಹೆತ್ತವರು ಉಬ್ಬಿದರು. ಬೇರೆ ಯಾವ ಮನೆಯಲ್ಲಾದರೂ ಮಗು ಯಾಕೆ ಮಾತಾಡುತ್ತಿಲ್ಲ ಎಂದು ಯಾರಾದರೂ ಹೌಹಾರುತ್ತಿದ್ದರು. ಇಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಅವಳ ಮೇಲಿದ್ದದ್ದು ಒಂದೇ ದೂರು: ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ. ಹಟಮಾರಿ ಮುಂಡೇದು ಎಂದು ಪಟಾಲಮ್ಮ ಬೆನ್ನಿಗೆ ಎರಡು ಬಿಡುತ್ತಿದ್ದಳು.

ಐವತ್ತೊಂದರ ಬೇಸಿಗೆಯಲ್ಲಿ ಊರಿಗೆ ಅಮ್ಮ ಬಂದಳು. ರಾಮಿಗೆ ಆಗ ಐದು ವರ್ಷ, ಮೈತುಂಬ ಸಿಡುಬು. ಮಗುವಿನ ಕಣ್ಣಿಗೆ ಬೆಳಕು ಬೀಳಬಾರದು ಎಂದು ಹಿರಿಯರು ಹೇಳಿದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಕಿಟಕಿಗೆ ಕರಿ ಕಂಬಳಿ ಇಳಿಬಿಟ್ಟರು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕೈಗೆ ಕೈ ಕಾಣದಷ್ಟು ಕತ್ತಲೆ. ಕತ್ತಲಲ್ಲಿ ತುಟಿ ಕಾಣುವುದಿಲ್ಲವೆಂದು ತಿಳಿಯದಷ್ಟು ಪೆದ್ದಿಯಲ್ಲ ಪಟಾಲಮ್ಮ. ಅದಕ್ಕೇ ಅವಳು ದನಿ ತೆಗೆದು ಮಾತಾಡಿದಳು. ಮಗಳ ಎಡಕ್ಕೆ ಕೂತು ಮೂರು ದಿನ ಅದನ್ನೇ ಹೇಳಿದಳು: “ನಾನಿಲ್ಲೇ ಇದೀನಿ ಕಣವ್ವ. ಎಲ್ಲೂ ಹೋಗಿಲ್ಲ.”

ಮಗುವಿನ ಪುಟ್ಟ ಕೈ ತಡಕಾಡಿಕೊಂಡು ಬಂದು ಅವಳ ಬಲಗೆನ್ನೆಯ ಮೇಲೆ ಕೂರುತ್ತಿತ್ತು, ಬೆರಳು ತುಟಿ ಹುಡುಕುತ್ತಿತ್ತು. ಕೈ ಸುಮ್ಮನಿದ್ದರೆ ಸರಿ, ಆಡಿದರೆ ಬೊಕ್ಕೆ ಒಡೆಯುತ್ತದೆ, ಕೆರೆದರೆ ಗುಳಿ ಬೀಳುತ್ತದೆ ಎಂಬ ಭಯ ತಾಯಿಗೆ. ತೆಗೆದು ಹೊದಿಕೆಯೊಳಗೆ ಇಡುತ್ತಿದ್ದಳು. ಅದು ಮತ್ತೆ ಬರುತ್ತಿತ್ತು. ಮೂರನೆಯ ದಿನ ಗದರಿಸಿ, ಹಳೆ ಸೀರೆಯ ಚೂರಿನಿಂದ ಎರಡೂ ಕೈ ಮೆತ್ತಗೆ ಕಟ್ಟಿದಳು. ಊರಿನ ತಾಯಂದಿರೆಲ್ಲ ಹಾಗೇ ಮಾಡುತ್ತಿದ್ದರು, ಅವಳದೇನೂ ಹೊಸದಲ್ಲ. ಮರುದಿನ ಬೆಳಗ್ಗೆ ರಾಮಿ ಇರಲಿಲ್ಲ.

ಪಟಾಲಮ್ಮ ಮತ್ತೆ ಮಿಲ್ಲಿನ ಕಡೆ ತಲೆ ಹಾಕಲಿಲ್ಲ. ಅವರಿವರ ಮನೆ ಮುಸುರೆ ತಿಕ್ಕುತ್ತ ಐದಾರು ವರ್ಷ ತಳ್ಳಿದಳು. ಐವತ್ತೇಳರಲ್ಲಿ, ಹೊಸದಾಗಿ ಏಳುತ್ತಿದ್ದ ರಾಜಾಜಿನಗರದ ಒಂದು ಬಾಡಿಗೆ ಮನೆಯಲ್ಲಿ ಆಯಾ ಕೆಲಸ ಸಿಕ್ಕಿತು. ಅಲ್ಲಿ ಗೋಪೀನಾಥ ಎಂಬ ಮೇಷ್ಟ್ರು ಕಿವುಡು ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಹೇಳಿಕೊಡುತ್ತಿದ್ದರು. ಮದರಾಸಿನಲ್ಲಿ ಕಲಿತು ಬಂದವರು. ಕಲಿಯಲು ಬಂದ ಆರು ಜನರಲ್ಲಿ ಇಂದ್ರಮ್ಮ ಒಬ್ಬಳು, ಬಿ.ಎ. ಓದಿದ್ದ ಚುರುಕು ಹುಡುಗಿ. ಕಿವಿಯ ಚಿತ್ರ, ನಾಲಿಗೆಯ ಚಿತ್ರ, ತಟ್ಟಿದರೆ ಗುಂಯ್‌ಗುಡುವ ಎರಡು ಕವಲಿನ ಉಕ್ಕಿನ ಶ್ರುತಿಕಡ್ಡಿ, ಇವೇ ಅವರ ಸರಂಜಾಮು.

ಮೊದಲ ವಾರವೇ ಮೇಷ್ಟ್ರು ಪಾಠಕ್ಕೆ ಬರುತ್ತಿದ್ದ ಒಂದು ಕಿವುಡು ಮಗುವನ್ನು ಮಣ್ಣಾಟಕ್ಕೆ ಕೂರಿಸಿ, ಅದರ ಬೆನ್ನ ಹಿಂದೆ ತಟ್ಟೆ ಬಡಿದರು. ಮಗು ತಿರುಗಲಿಲ್ಲ. ಪಟಾಲಮ್ಮ ಕಸ ಗುಡಿಸುತ್ತ ಅದನ್ನು ನೋಡಿದಳು. ರಾಮಿಯ ಬೆನ್ನು ಅವಳ ಕಣ್ಣಿಗೆ ಕಟ್ಟಿತು; ತಾನು ಕೊಟ್ಟ ಒಂದೊಂದು ಏಟೂ ನೆನಪಾಯಿತು. ಅಂದಿನಿಂದ ಅವಳಿಗೆ ಒಂದೇ ಕೊರಗು: ಹಾಗಾದರೆ ಆ ಮೂರು ದಿನ ನಾನು ಆಡಿದ್ದರಲ್ಲಿ ಒಂದು ಮಾತಾದರೂ ಮಗುವಿಗೆ ಮುಟ್ಟಿತೇ? ಮುಟ್ಟದಿದ್ದರೆ ಏನಂತೆ, ಕೆನ್ನೆ ಮುಟ್ಟಿದಳಲ್ಲ, ಅಮ್ಮ ಇದ್ದಾಳೆಂದು ಗೊತ್ತಿತ್ತಲ್ಲ. ಅಷ್ಟನ್ನೇ ಹಿಡಿದುಕೊಂಡು ಅವಳು ತಿಂಗಳೆರಡು ತಿಂಗಳು ದೂಡಿದಳು.

ಒಂದು ಮಧ್ಯಾಹ್ನ ಇಂದ್ರಮ್ಮ ಹಜಾರದಲ್ಲಿ ನಾಲ್ಕು ವರ್ಷದ ಹೆಣ್ಣುಮಗುವೊಂದನ್ನು ಮಡಿಲಲ್ಲಿ ಕೂರಿಸಿಕೊಂಡು, ಅದರ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದು “ಅಮ್ಮ, ಅಮ್ಮ” ಎನ್ನುತ್ತಿದ್ದಳು. ಪಟಾಲಮ್ಮ ಹತ್ತಿರ ಬಂದು ಕೂತಳು. ಇದೇನು ಆಟ ಎಂದು ಕೇಳಿದಳು. ಆಟವಲ್ಲ, ಪಾಠ ಎಂದಳು ಇಂದ್ರಮ್ಮ. ದನಿ ತೆಗೆದರೆ ಕೆನ್ನೆಯ ಮೂಳೆ ನಡುಗುತ್ತದೆ, ಕಿವಿ ಕೇಳದ ಮಗು ಆ ನಡುಕವನ್ನು ಕೈಯಲ್ಲೇ ಕೇಳುತ್ತದೆ, ಕಣ್ಣಿಗೆ ಬಟ್ಟೆ ಕಟ್ಟಿದರೂ ಕೇಳುತ್ತದೆ, ಕೆಲವು ಮಕ್ಕಳು ಯಾರೂ ಕಲಿಸದೆಯೇ ಹೀಗೆ ಕೆನ್ನೆ ಹುಡುಕಿಕೊಂಡು ಬರುತ್ತವೆ ಎಂದು ಅವಳು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಉತ್ಸಾಹದಿಂದ ಒಪ್ಪಿಸಿದಳು.

ಕೇಳಬಾರದು ಎಂದು ಪಟಾಲಮ್ಮನಿಗೆ ಗೊತ್ತಿತ್ತು. ಆದರೂ ಕೇಳಿದಳು.

“ಮಗ ಕೈ ಇಟ್ಟಾಗ ತಾಯಿ ತೆಗ್ದುಬಿಟ್ರೆ, ಅದು ಏನಂದ್ಕೊಳ್ತದೆ ಇಂದ್ರಮ್ಮೋರೆ?”

ಇಂದ್ರಮ್ಮ ಪಾಠದ ಗುಂಗಿನಲ್ಲೇ ಇದ್ದಳು. “ಅಮ್ಮ ನನ್ ಜೊತೆ ಮಾತು ಬಿಟ್ಟಿದಾಳೆ ಅಂದ್ಕೊಳತ್ತೆ ಪಟಾಲಮ್ಮ. ಅದಕ್ಕೇ ಮೇಷ್ಟ್ರು ಹೇಳೋದು, ಮಗು ಕೈನ ನಾವಾಗಿ ಯಾವತ್ತೂ ತೆಗೀಬಾರ್ದು ಅಂತ.”

ಪಾಪ, ಆ ಹುಡುಗಿಗೇನು ಗೊತ್ತು. ಪಟಾಲಮ್ಮ ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅಳು ಬರಲಿಲ್ಲ. ಸತ್ತವರೊಡನೆ ಬಿಟ್ಟ ಮಾತನ್ನು ಮತ್ತೆ ಹೂಡುವುದು ಹೇಗೆಂದು ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ. ಅಂದು ಮನೆಗೆ ಹೋದವಳು ಕಿಟಕಿಗೆ ಕಂಬಳಿ ಕಟ್ಟಿ ಒಳಗೆ ಕೂತಳು. ಪಾಳಿ ಮುಗಿಸಿ ಬಂದ ನಾರಾಯಣಪ್ಪನಿಗೆ ಹೊರಗಿನಿಂದಲೇ ಹೆಂಡತಿಯ ದನಿ ಕೇಳಿಸಿತು. ಮನೆಯಲ್ಲಿ ಆ ದನಿ ಕೇಳಿ ಆರು ವರ್ಷವಾಗಿತ್ತು. ಅವನು ಚಪ್ಪಲಿ ಬಿಡದೆ ಹೊರಗೇ ಜಗುಲಿಯ ಮೇಲೆ ಕೂತ.

ಆಮೇಲೆ ಅವಳು ಮಿಲ್ಲಿನ ಮಾತನ್ನೇ ಬಿಟ್ಟುಬಿಟ್ಟಳು. ಆಯಾ ಕೆಲಸದ ಜೊತೆಗೆ ಇನ್ನೊಂದು ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡಳು. ವಿದ್ಯೆ ಕಲಿಯಲು ಬಂದವರ ಗಂಟಲು ಸೋತಾಗ ಮಕ್ಕಳು ಸಾಲಾಗಿ ಪಟಾಲಮ್ಮನ ಬಳಿ ಬರುತ್ತಿದ್ದವು. ಅವಳು ಹಾಲು, ರಾಗಿ, ಕಾಗೆ, ಬಾವಿ ಎಂದು ಹೇಳುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ಮಗು ತಾನಾಗಿ ಕೈ ತೆಗೆಯುವ ತನಕ ಅಲ್ಲಾಡುತ್ತಿರಲಿಲ್ಲ. ಅವಳ ಹಾಗೆ ತಾಳ್ಮೆ ಇರುವವರು ಎಂ.ಎ. ಓದಿದವರಲ್ಲೂ ಇಲ್ಲ ಎಂದು ಮೇಷ್ಟ್ರು ಹೊಗಳುತ್ತಿದ್ದರು. ಅದು ತಾಳ್ಮೆಯಲ್ಲ, ಭಯ.

ಆದರೆ ಮಕ್ಕಳಿಗೆ ಅವಳು ಕೊಡುತ್ತಿದ್ದದ್ದು ಎಡಗೆನ್ನೆ ಮಾತ್ರ. ಬಲಕ್ಕೆ ಬಂದ ಮಗುವನ್ನು ಮೆಲ್ಲಗೆ ಸುತ್ತಿಸಿ ಎಡಕ್ಕೆ ಕರೆದುಕೊಳ್ಳುತ್ತಿದ್ದಳು. ಪರೀಕ್ಷೆ ಮುಗಿಸಿ ಹೊರಡುವ ದಿನ ಇಂದ್ರಮ್ಮ, ಆ ಕಡೆ ಹಲ್ಲುನೋವೇ ಎಂದು ವಿಚಾರಿಸಿದಳು.

“ಇಲ್ಲ ಕಣವ್ವ,” ಎಂದಳು ಪಟಾಲಮ್ಮ. “ಆ ಕಡೆ ರಾಮಿ ಕೂತಿರ್ತಾಳೆ. ಇನ್ನೊಂದು ಕೈ ಇದ್ರೆ ಅವಳು ಎಲ್ಲಿಡ್ತಾಳೆ?”